ಎಂಆರ್‌ಐ ಚುಚ್ಚುಮದ್ದು: ಹೆಸರು ತಿಳಿಯುವುದು ರೋಗಿಯ ಹಕ್ಕು, ಲೆಕ್ಕ ಇಡುವುದು ಊರಿನ ಹೊಣೆ

ಮಲೆನಾಡಿನ ಹಳ್ಳಿಗಳಿಗೆ ಎಂಆರ್‌ಐ ಎಂಬ ಹೆಸರು ಈಗ ಹೊಸದಲ್ಲ. ಕೊನೆ ತೆಗೆಯಲು ಅಡಿಕೆ ಮರವೇರಿ ಬಿದ್ದು ಬೆನ್ನುಮೂಳೆಗೆ ಪೆಟ್ಟು ಮಾಡಿಕೊಂಡವರು, ಬಿಡದ ತಲೆನೋವಿನಿಂದ ಬಳಲುವವರು, ಗಡ್ಡೆಯ ಅನುಮಾನವಿರುವವರು ಶಿವಮೊಗ್ಗ, ಮಂಗಳೂರು, ಮಣಿಪಾಲ, ಹುಬ್ಬಳ್ಳಿಗಳ ಸ್ಕ್ಯಾನಿಂಗ್ ಕೇಂದ್ರಗಳ ಮುಂದೆ ಸರತಿಯಲ್ಲಿ ಕುಳಿತಿರುತ್ತಾರೆ. ಅವರಲ್ಲಿ ಕೆಲವರಿಗೆ ಪರೀಕ್ಷೆಯ ನಡುವೆ ತೋಳಿನ ರಕ್ತನಾಳಕ್ಕೆ ಒಂದು ಚುಚ್ಚುಮದ್ದು ಕೊಡಲಾಗುತ್ತದೆ. ಜನ ಅದನ್ನು ‘ಡೈ’ ಎನ್ನುತ್ತಾರೆ, ‘ಬಣ್ಣದ ಇಂಜೆಕ್ಷನ್’ ಎನ್ನುತ್ತಾರೆ. ಬಿಲ್ಲಿನಲ್ಲಿ ‘ಕಾಂಟ್ರಾಸ್ಟ್’ ಎಂಬ ಒಂದು ಪದ ಮಾತ್ರ ಇರುತ್ತದೆ. ವಾಸ್ತವದಲ್ಲಿ ಅದು ಬಣ್ಣವಲ್ಲ, ತಿಳಿಯಾದ ದ್ರವ. ಅದರೊಳಗಿರುವುದು ಗ್ಯಾಡೊಲಿನಿಯಂ ಎಂಬ ವಿರಳ ಲೋಹ.

ಈ ಔಷಧಿಯ ವಿಷಯದಲ್ಲಿ ಎರಡು ಬಗೆಯ ತಪ್ಪುಗಳು ನಡೆಯುತ್ತಿವೆ. ಏನನ್ನೂ ಹೇಳದೆ, ಏನನ್ನೂ ಕೇಳದೆ ಸೂಜಿ ಚುಚ್ಚುವುದು ಮೊದಲನೆಯದು. ಅರ್ಧಂಬರ್ಧ ಸುದ್ದಿ ಕೇಳಿ, ನಿಜಕ್ಕೂ ಬೇಕಾದ ಪರೀಕ್ಷೆಯನ್ನೇ ಬೇಡವೆಂದು ಮನೆಗೆ ಮರಳುವುದು ಎರಡನೆಯದು. ಎರಡೂ ಹುಟ್ಟುವುದು ಮಾಹಿತಿಯ ಕೊರತೆಯಿಂದಲೇ. ಹೀಗಿರುವಾಗ, ಈ ಚುಚ್ಚುಮದ್ದಿನ ಕಥೆಯನ್ನು ಆದಿಯಿಂದ ತಿಳಿಯುವುದು ಹಳ್ಳಿಯ ರೋಗಿಗೂ, ವಿಜ್ಞಾನ ಓದುವ ವಿದ್ಯಾರ್ಥಿಗೂ ಅಗತ್ಯವಾಗಿದೆ. ಆ ಕಥೆ ಆಸ್ಪತ್ರೆಯ ಬಾಗಿಲಲ್ಲಿ ಮುಗಿಯುವುದಿಲ್ಲ, ನದಿಯವರೆಗೂ ಹರಿಯುತ್ತದೆ ಎಂಬುದು ಇನ್ನೊಂದು ಕಾರಣ.

ಲೋಹವೇಕೆ, ದೇಹದೊಳಗೇಕೆ?

ಎಂಆರ್‌ಐ ಯಂತ್ರದಲ್ಲಿ ಎಕ್ಸ್‌ರೇ ಇಲ್ಲ. ಪ್ರಬಲವಾದ ಅಯಸ್ಕಾಂತ ಹಾಗೂ ರೇಡಿಯೋ ಅಲೆಗಳ ನೆರವಿನಿಂದ ದೇಹದಲ್ಲಿನ ನೀರಿನ ಹೈಡ್ರೋಜನ್ ಕಣಗಳ ವರ್ತನೆಯನ್ನು ಅಳೆದು ಅದು ಚಿತ್ರವನ್ನು ಕಟ್ಟುತ್ತದೆ. 1973ರಲ್ಲಿ ಪಾಲ್ ಲಾಟರ್‌ಬರ್ ಈ ಬಗೆಯ ಚಿತ್ರಣದ ದಾರಿಯನ್ನು ತೋರಿಸಿದರು. ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಕೆಲವು ಗಡ್ಡೆಗಳು, ಸೋಂಕುಗಳು, ಊತಗಳು ಬರಿಯ ಚಿತ್ರದಲ್ಲಿ ಸುತ್ತಲಿನ ಅಂಗಾಂಶದಿಂದ ಬೇರೆಯಾಗಿ ಕಾಣುವುದಿಲ್ಲ. ಅಲ್ಲಿ ಗ್ಯಾಡೊಲಿನಿಯಂ ನೆರವಾಗುತ್ತದೆ. 64 ಪರಮಾಣು ಸಂಖ್ಯೆಯ ಈ ಲೋಹದ ಅಯಾನಿನಲ್ಲಿ ಜೋಡಿಯಿಲ್ಲದ ಏಳು ಎಲೆಕ್ಟ್ರಾನುಗಳಿವೆ. ಇದರಿಂದಾಗಿ ಅದು ತನ್ನ ಸಮೀಪದ ನೀರಿನ ಕಣಗಳ ಕಾಂತೀಯ ವರ್ತನೆಯನ್ನು ಬದಲಿಸಿ, ರಕ್ತ ಹೆಚ್ಚು ಹರಿಯುವ ಅಥವಾ ರಕ್ತನಾಳ ಸೋರುವ ಜಾಗವನ್ನು ಚಿತ್ರದಲ್ಲಿ ಬೆಳಗಿಸುತ್ತದೆ.

ತೊಡಕಿರುವುದು ಇಲ್ಲಿಯೇ. ಬಿಡಿಯಾದ ಗ್ಯಾಡೊಲಿನಿಯಂ ಅಯಾನು ವಿಷಕಾರಿ. ಅದರ ಗಾತ್ರ ಕ್ಯಾಲ್ಸಿಯಂ ಅಯಾನಿನ ಗಾತ್ರಕ್ಕೆ ಬಹಳ ಸಮೀಪ. ಆದುದರಿಂದ ಕ್ಯಾಲ್ಸಿಯಂ ಮಾಡಬೇಕಾದ ಕೆಲಸಗಳಿಗೆ ಅದು ಅಡ್ಡ ಬರಬಲ್ಲದು. ಈ ಅಪಾಯವನ್ನು ತಡೆಯಲು ವಿಜ್ಞಾನಿಗಳು ಲೋಹವನ್ನು ಒಂದು ಸಾವಯವ ಅಣುವಿನೊಳಗೆ ಬಂಧಿಸಿದರು. ಈ ಬಂಧನಕ್ಕೆ ರಸಾಯನಶಾಸ್ತ್ರದಲ್ಲಿ ಕಿಲೇಟ್ ಎಂದು ಹೆಸರು. ಹೀಗೆ ಬಂಧಿತವಾದ ಲೋಹ ಮೂತ್ರಪಿಂಡದ ಮೂಲಕ ಸೋಸಿ ಹೊರಹೋಗುತ್ತದೆ. ಆರೋಗ್ಯವಂತರಲ್ಲಿ ಸುಮಾರು ಒಂದೂವರೆ ಗಂಟೆಗೊಮ್ಮೆ ರಕ್ತದಲ್ಲಿನ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ, 24 ಗಂಟೆಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಭಾಗ ಮೂತ್ರದಲ್ಲಿ ಹೋಗುತ್ತದೆ. ಈ ಬಗೆಯ ಮೊದಲ ಔಷಧಿಯಾದ ಗ್ಯಾಡೊಪೆಂಟಿಟೇಟ್‌ಗೆ ಅಮೆರಿಕದಲ್ಲಿ 1988ರಲ್ಲಿ ಅನುಮತಿ ದೊರೆಯಿತು.

ಬಂಧನದಲ್ಲಿ ಎರಡು ಬಗೆಗಳಿವೆ. ಒಂದು, ಹಗ್ಗದಂತೆ ಲೋಹವನ್ನು ಸುತ್ತುವ ‘ಲೀನಿಯರ್’ ಬಗೆ. ಗ್ಯಾಡೊಪೆಂಟಿಟೇಟ್, ಗ್ಯಾಡೊಡಯಮೈಡ್, ಗ್ಯಾಡೊವರ್ಸೆಟಮೈಡ್ ಈ ಬಗೆಯವು. ಇನ್ನೊಂದು, ಪಂಜರದಂತೆ ಲೋಹವನ್ನು ಒಳಗಿಟ್ಟುಕೊಳ್ಳುವ ‘ಮ್ಯಾಕ್ರೋಸೈಕ್ಲಿಕ್’ ಬಗೆ. ಗ್ಯಾಡೊಟೆರೇಟ್, ಗ್ಯಾಡೊಬ್ಯುಟ್ರಾಲ್, ಗ್ಯಾಡೊಟೆರಿಡಾಲ್ ಈ ಸಾಲಿಗೆ ಸೇರಿವೆ. ಹಗ್ಗದ ಗಂಟು ಸಡಿಲಾಗುವುದು ಸುಲಭ, ಪಂಜರದ ಬಾಗಿಲು ತೆರೆಯುವುದು ಕಷ್ಟ. ರೋಗಿಯ ಸುರಕ್ಷತೆಯ ಪ್ರಶ್ನೆಯಲ್ಲಿ ಈ ವ್ಯತ್ಯಾಸವೇ ಮುಖ್ಯವಾದುದು. ಬಿಲ್ಲಿನಲ್ಲಿನ ‘ಕಾಂಟ್ರಾಸ್ಟ್’ ಎಂಬ ಪದ ಮುಚ್ಚಿಡುವುದೂ ಇದನ್ನೇ.

ಚರ್ಮ ಕಲ್ಲಾದ ಕಾಲ

1997ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಯಾಲಿಸಿಸ್ ರೋಗಿಗಳಲ್ಲಿ ಅಲ್ಲಿಯವರೆಗೆ ಕಾಣದಿದ್ದ ಒಂದು ಕಾಯಿಲೆ ಗೋಚರಿಸಿತು. ಕೈಕಾಲುಗಳ ಚರ್ಮ ದಪ್ಪವಾಗಿ ಮರದ ತೊಗಟೆಯಂತೆ ಬಿಗಿಯುತ್ತಿತ್ತು. ಕೀಲುಗಳು ಮಡಚಲಾಗದೆ ಕೆಲವರು ಗಾಲಿಕುರ್ಚಿಗೆ ಸೀಮಿತರಾದರು. ಕೆಲವರಲ್ಲಿ ಒಳಗಿನ ಅಂಗಗಳೂ ಗಡುಸಾಗಿ ಸಾವು ಸಂಭವಿಸಿತು. 2000ದಲ್ಲಿ ಇದರ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತಾದರೂ ಕಾರಣ ತಿಳಿದಿರಲಿಲ್ಲ. ಮುಂದೆ ಇದಕ್ಕೆ ನೆಫ್ರೋಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್, ಸಂಕ್ಷಿಪ್ತವಾಗಿ ಎನ್‌ಎಸ್‌ಎಫ್ ಎಂಬ ಹೆಸರು ನೆಲೆಗೊಂಡಿತು.

ಕಾರಣದ ಎಳೆ ಸಿಕ್ಕಿದ್ದು 2006ರಲ್ಲಿ. ಆಸ್ಟ್ರಿಯಾದ ವೈದ್ಯ ಥಾಮಸ್ ಗ್ರೋಬ್ನರ್, ತಮ್ಮ ಡಯಾಲಿಸಿಸ್ ರೋಗಿಗಳಲ್ಲಿ ಈ ಕಾಯಿಲೆ ಬಂದವರು ಅದಕ್ಕೆ ಮುನ್ನ ಗ್ಯಾಡೊಲಿನಿಯಂ ಚುಚ್ಚಿಸಿಕೊಂಡಿದ್ದರೆಂಬುದನ್ನು ಗುರುತಿಸಿದರು. ಅದೇ ವರ್ಷ ಡೆನ್ಮಾರ್ಕಿನ ವೈದ್ಯರ ತಂಡವೊಂದು ತನ್ನ 13 ರೋಗಿಗಳ ದಾಖಲೆಗಳನ್ನು ತೆರೆದು ನೋಡಿತು. ಎಲ್ಲ 13 ಮಂದಿಗೂ ಕಾಯಿಲೆಗೆ ಮುನ್ನ ಗ್ಯಾಡೊಡಯಮೈಡ್ ಕೊಡಲಾಗಿತ್ತು. ಕೆಟ್ಟ ಮೂತ್ರಪಿಂಡಗಳು ಔಷಧಿಯನ್ನು ಬೇಗ ಹೊರಹಾಕಲಾರವು. ಒಂದೂವರೆ ಗಂಟೆಯಲ್ಲಿ ಆಗಬೇಕಾದ ಇಳಿಕೆಗೆ ಅಲ್ಲಿ 30 ಗಂಟೆಗೂ ಮೀರಿ ಹಿಡಿಯಬಹುದು. ಅಷ್ಟು ಹೊತ್ತಿನಲ್ಲಿ ಸಡಿಲ ಬಂಧನದ ಲೋಹ ಬಿಡುಗಡೆಗೊಂಡು ಅಂಗಾಂಶಗಳಲ್ಲಿ ನೆಲೆಸುತ್ತದೆ.

2007ರಲ್ಲಿ ಯುರೋಪು ತೀವ್ರ ಮೂತ್ರಪಿಂಡ ವೈಫಲ್ಯವಿರುವವರಿಗೆ ಗ್ಯಾಡೊಡಯಮೈಡ್ ಕೊಡಬಾರದೆಂದಿತು. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಲ್ಲ ಗ್ಯಾಡೊಲಿನಿಯಂ ಔಷಧಿಗಳ ಮೇಲೆ ಚೌಕಟ್ಟಿನೊಳಗಿನ ಎಚ್ಚರಿಕೆಯನ್ನು ಮುದ್ರಿಸಬೇಕೆಂದಿತು. ಚುಚ್ಚುವ ಮೊದಲು ಮೂತ್ರಪಿಂಡದ ಸ್ಥಿತಿಯನ್ನು ವಿಚಾರಿಸುವ, ಗಟ್ಟಿ ಬಂಧನದ ಔಷಧಿಯನ್ನೇ ಬಳಸುವ ಪದ್ಧತಿ ಬೆಳೆಯಿತು. ಆ ಬಳಿಕ ಹೊಸ ಪ್ರಕರಣಗಳು ಬಹುಮಟ್ಟಿಗೆ ನಿಂತೇ ಹೋದವು. ವೈದ್ಯಕೀಯವು ಉಂಟುಮಾಡಿದ ಕಾಯಿಲೆಯೊಂದನ್ನು ವೈದ್ಯಕೀಯವೇ ಕಂಡುಹಿಡಿದು ನಿಲ್ಲಿಸಿದ ಅಪರೂಪದ ಉದಾಹರಣೆ ಇದು.

ಇದರಲ್ಲಿ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ಕಾರಣ ಪತ್ತೆಯಾದುದು ದೊಡ್ಡ ಪ್ರಯೋಗಾಲಯದಲ್ಲಿ ಅಲ್ಲ. ಯಾವ ರೋಗಿಗೆ, ಯಾವ ದಿನ, ಯಾವ ಹೆಸರಿನ ಔಷಧಿ, ಎಷ್ಟು ಕೊಡಲಾಯಿತು ಎಂಬುದು ಆಸ್ಪತ್ರೆಯ ಕಡತದಲ್ಲಿ ಬರೆದಿತ್ತು. ಅದನ್ನು ಓದಿದವರಿಗೆ ಉತ್ತರ ದೊರೆಯಿತು. ಕಡತದಲ್ಲಿ ಬರಿಯ ‘ಕಾಂಟ್ರಾಸ್ಟ್ ಕೊಡಲಾಗಿದೆ’ ಎಂದಿದ್ದರೆ ಗ್ಯಾಡೊಡಯಮೈಡ್ ಎಂಬ ಹೆಸರು ಹೊರಬರುತ್ತಿರಲಿಲ್ಲ, ಇನ್ನೆಷ್ಟು ಜನರ ಚರ್ಮ ಕಲ್ಲಾಗುತ್ತಿತ್ತೋ ಹೇಳಲಾಗದು. ಔಷಧಿಯ ಹೆಸರನ್ನು ಬರೆದಿಡುವುದು ಗುಮಾಸ್ತಿಕೆಯ ಕೆಲಸವೆಂದು ಕಡೆಗಣಿಸುವವರು ಈ ಇತಿಹಾಸವನ್ನು ನೆನೆಯಬೇಕು.

ಮಿದುಳಿನಲ್ಲಿ ಉಳಿದ ಕಣಗಳು

ಮೂತ್ರಪಿಂಡ ಚೆನ್ನಾಗಿರುವವರಿಗೆ ಚಿಂತೆಯಿಲ್ಲ ಎಂಬ ನಂಬಿಕೆ 2014ರವರೆಗೆ ಉಳಿದಿತ್ತು. ಆ ವರ್ಷ ಜಪಾನಿನ ಕಾಂಡಾ ಮತ್ತು ಸಂಗಡಿಗರು, ಹಲವು ಬಾರಿ ಈ ಚುಚ್ಚುಮದ್ದು ಪಡೆದವರ ಮಿದುಳಿನ ಕೆಲವು ಭಾಗಗಳು ಔಷಧಿ ಕೊಡದೆ ತೆಗೆದ ಚಿತ್ರದಲ್ಲಿಯೂ ಬೆಳ್ಳಗೆ ಹೊಳೆಯುತ್ತಿವೆ ಎಂದು ವರದಿ ಮಾಡಿದರು. 2015ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಸಂಶೋಧಕರು ಮೃತರ ಮಿದುಳಿನ ಅಂಗಾಂಶದಲ್ಲಿ ಗ್ಯಾಡೊಲಿನಿಯಂ ಇರುವುದನ್ನು ನೇರವಾಗಿ ಅಳೆದು ತೋರಿಸಿದರು. ಲೀನಿಯರ್ ಬಗೆಯ ಔಷಧಿಗಳು ಹೆಚ್ಚು ಉಳಿಯುತ್ತವೆ, ಮ್ಯಾಕ್ರೋಸೈಕ್ಲಿಕ್ ಬಗೆಯವು ಕಡಿಮೆ ಉಳಿಯುತ್ತವೆ ಎಂಬುದು ಮುಂದಿನ ಅಧ್ಯಯನಗಳಿಂದ ಸ್ಪಷ್ಟವಾಯಿತು. ಮೂಳೆಯಲ್ಲಿಯೂ ಈ ಲೋಹ ಉಳಿಯುತ್ತದೆ.

ಹೀಗೆ ಉಳಿದುದರಿಂದ ಮಿದುಳಿಗೆ ಹಾನಿಯಾಗುತ್ತದೆಯೆ? ಮೂತ್ರಪಿಂಡ ಸರಿಯಿರುವವರಲ್ಲಿ ಅಂತಹ ಹಾನಿ ಈವರೆಗೆ ಸಾಬೀತಾಗಿಲ್ಲ. ಇದನ್ನು ಮುಚ್ಚಿಟ್ಟು ಭೀತಿ ಹರಡುವುದು ಅನ್ಯಾಯ. ಆದರೆ ಸಾಬೀತಾಗದ ಹಾನಿಯೂ ಇಲ್ಲದ ಹಾನಿಯೂ ಒಂದೇ ಅಲ್ಲ. ಇದೇ ನೆಲೆಯಲ್ಲಿ ಎರಡು ಖಂಡಗಳು ಎರಡು ತೀರ್ಮಾನಗಳಿಗೆ ಬಂದವು. 2017ರಲ್ಲಿ ಯುರೋಪಿನ ಔಷಧ ಸಂಸ್ಥೆ ಗ್ಯಾಡೊಡಯಮೈಡ್ ಹಾಗೂ ಗ್ಯಾಡೊವರ್ಸೆಟಮೈಡ್‌ಗಳ ಅನುಮತಿಯನ್ನು ಅಮಾನತಿನಲ್ಲಿಡಲು, ಗ್ಯಾಡೊಪೆಂಟಿಟೇಟನ್ನು ರಕ್ತನಾಳಕ್ಕೆ ಕೊಡದೆ ಕೀಲಿನೊಳಗೆ ಚುಚ್ಚುವ ಪರೀಕ್ಷೆಗೆ ಮಾತ್ರ ಉಳಿಸಲು, ಇನ್ನೆರಡು ಲೀನಿಯರ್ ಔಷಧಿಗಳನ್ನು ಯಕೃತ್ತಿನ ಚಿತ್ರಣಕ್ಕೆ ಸೀಮಿತಗೊಳಿಸಲು ತೀರ್ಮಾನಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸ್ಥೆ ಔಷಧಿಗಳನ್ನು ಹಿಂತೆಗೆಯದೆ, ಲೋಹ ದೇಹದಲ್ಲಿ ಉಳಿಯುವ ಬಗ್ಗೆ ಎಚ್ಚರಿಕೆ ಮುದ್ರಿಸಬೇಕು, ರೋಗಿಗೆ ಓದಲು ಮಾಹಿತಿ ಪತ್ರ ಕೊಡಬೇಕು ಎಂದು ವಿಧಿಸಿತು.

ಒಂದೇ ಪುರಾವೆಯನ್ನು ಓದಿದ ತಜ್ಞರು ಎರಡು ದಾರಿ ಹಿಡಿದರು. ಆದರೆ ರೋಗಿಗೆ ವಿಷಯ ತಿಳಿದಿರಬೇಕೆಂಬುದರಲ್ಲಿ ಎರಡೂ ಕಡೆಯವರಿಗೆ ಭಿನ್ನಮತವಿರಲಿಲ್ಲ. ಕನ್ನಡ ಮಾತ್ರ ಬಲ್ಲ ರೋಗಿಗೆ ಇಂಗ್ಲಿಷಿನ ಸಮ್ಮತಿ ಪತ್ರದ ಮೇಲೆ ಹೆಬ್ಬೆಟ್ಟೊತ್ತಿಸಿಕೊಂಡರೆ ಆ ತಿಳಿವಳಿಕೆ ದೊರೆತಂತಾಗುವುದೆ? ಸಹಿ ದೊರೆಯುತ್ತದೆ, ಸಮ್ಮತಿ ದೊರೆಯುವುದಿಲ್ಲ.

ಮಲೆನಾಡಿನ ಮೂತ್ರಪಿಂಡಗಳು

ಈ ವಿಷಯ ಗುಡ್ಡಗಾಡಿನ ಜನರಿಗೆ ಏಕೆ ಹೆಚ್ಚು ಸಂಬಂಧಿಸಿದೆ ಎಂಬುದನ್ನು ಬಿಡಿಸಿ ಹೇಳಬೇಕು. ಸಕ್ಕರೆ ಕಾಯಿಲೆ ಹಾಗೂ ರಕ್ತದೊತ್ತಡ ಈಗ ಹಳ್ಳಿಗಳಲ್ಲಿಯೂ ಸಾಮಾನ್ಯ. ಎರಡೂ ಸದ್ದಿಲ್ಲದೆ ಮೂತ್ರಪಿಂಡವನ್ನು ಸವೆಸುತ್ತವೆ. ಬಹಳ ದೂರ ಸವೆಯುವವರೆಗೆ ರೋಗಿಗೆ ಯಾವ ಲಕ್ಷಣವೂ ತಿಳಿಯುವುದಿಲ್ಲ. ಇವುಗಳ ಜೊತೆಗೆ ಮಲೆನಾಡಿಗೆ ತನ್ನದೇ ಆದ ಕಾರಣಗಳಿವೆ. ಗದ್ದೆ ತೋಟಗಳ ಕೆಸರಿನಲ್ಲಿ ದುಡಿಯುವವರಿಗೆ ತಗಲುವ ಇಲಿಜ್ವರ ಮೂತ್ರಪಿಂಡವನ್ನು ಹಠಾತ್ತನೆ ಕೆಡಿಸಬಲ್ಲದು. ಕೊಳಕುಮಂಡಲ ಹಾವಿನ ಕಡಿತವೂ ಹಾಗೆಯೇ. ಬೆನ್ನುನೋವು, ಮಂಡಿನೋವುಗಳಿಗೆ ಔಷಧಿ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ನೋವಿನ ಮಾತ್ರೆಗಳೂ ಮೂತ್ರಪಿಂಡಕ್ಕೆ ಹಾನಿಕರ.

ಆದ್ದರಿಂದ ‘ಕಿಡ್ನಿ ತೊಂದರೆ ಇದೆಯೆ?’ ಎಂಬ ಒಂದು ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಅದು ಸಾಕಾಗದು. ತೊಂದರೆ ಇರುವುದೇ ಆತನಿಗೆ ಗೊತ್ತಿರಲಿಕ್ಕಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಇತ್ತೀಚೆಗೆ ಬಂದುಹೋದ ಇಲಿಜ್ವರ, ಹಾವು ಕಡಿತ, ನೋವಿನ ಮಾತ್ರೆಗಳ ಬಳಕೆ, ಮೂತ್ರ ಕಡಿಮೆಯಾಗಿರುವುದು, ಮುಖ ಕಾಲು ಊದಿರುವುದು, ಇವನ್ನು ಒಂದೊಂದಾಗಿ ವಿಚಾರಿಸಬೇಕು. ಅನುಮಾನವಿದ್ದರೆ ರಕ್ತದಲ್ಲಿನ ಕ್ರಿಯಾಟಿನಿನ್ ಪ್ರಮಾಣವನ್ನು ಪರೀಕ್ಷಿಸಿ, ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಮೂತ್ರಪಿಂಡದ ಸೋಸುವ ಶಕ್ತಿಯನ್ನು ಲೆಕ್ಕ ಹಾಕಬೇಕು. ಇದಕ್ಕೆ ಇ-ಜಿಎಫ್‌ಆರ್ ಎನ್ನುತ್ತಾರೆ. ಈ ಅಂಕಿ 30ಕ್ಕಿಂತ ಕೆಳಗಿದ್ದರೆ, ಅಥವಾ ಮೂತ್ರಪಿಂಡ ಹಠಾತ್ತನೆ ಕೆಟ್ಟಿದ್ದರೆ, ವಿಶೇಷ ಎಚ್ಚರಿಕೆ ಬೇಕು. ಕ್ರಿಯಾಟಿನಿನ್ ಪರೀಕ್ಷೆ ಎಂಆರ್‌ಐ ವೆಚ್ಚದ ಮುಂದೆ ತೀರ ಅಲ್ಪ ಖರ್ಚಿನದು. ಅದನ್ನು ಊರ ಸಮೀಪದಲ್ಲಿಯೇ ಮಾಡಿಸಿಕೊಂಡು ಹೋದರೆ ನಗರದಲ್ಲಿ ಒಂದು ದಿನ ಉಳಿಯುತ್ತದೆ.

ಎಚ್ಚರಿಕೆ ಎಂದರೆ ನಿರಾಕರಣೆ ಎಂದು ಅರ್ಥವಲ್ಲ. ತೀವ್ರ ಮೂತ್ರಪಿಂಡ ರೋಗವಿರುವ 4931 ಮಂದಿಗೆ ಸುರಕ್ಷಿತ ಗುಂಪಿನ ಗ್ಯಾಡೊಲಿನಿಯಂ ಔಷಧಿ ಕೊಟ್ಟ ವರದಿಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಒಬ್ಬರಿಗೂ ಎನ್‌ಎಸ್‌ಎಫ್ ಬಂದಿರಲಿಲ್ಲ. ಅಂದರೆ ಡಯಾಲಿಸಿಸ್ ರೋಗಿಗೆ ಮಿದುಳಿನಲ್ಲಿ ಗಡ್ಡೆಯ ಅನುಮಾನವಿದ್ದು ವೈದ್ಯರು ಬೇಕೇ ಬೇಕೆಂದರೆ, ಸರಿಯಾದ ಔಷಧಿಯನ್ನು ಆರಿಸಿಕೊಂಡು ಪರೀಕ್ಷೆ ಮಾಡಬಹುದು. ಯಾವ ಔಷಧಿ ಎಂಬ ಪ್ರಶ್ನೆಗೆ ಇಲ್ಲಿ ಮತ್ತೆ ಜೀವದಷ್ಟು ಬೆಲೆ ಬರುತ್ತದೆ.

ಯಾವಾಗ ಬೇಕು, ಯಾವಾಗ ಬೇಡ?

ಅತ್ಯಂತ ಸುರಕ್ಷಿತವಾದ ಚುಚ್ಚುಮದ್ದು ಅಗತ್ಯವಿಲ್ಲದಾಗ ಕೊಡದಿರುವ ಚುಚ್ಚುಮದ್ದು. ಬೆನ್ನಿನ ಡಿಸ್ಕ್ ಜಾರಿರುವುದು, ಮರದಿಂದ ಬಿದ್ದಾಗಿನ ಬೆನ್ನುಮೂಳೆಯ ಪೆಟ್ಟು, ಮಂಡಿಯ ಸ್ನಾಯುಬಂಧದ ಹರಿತ, ಇಂತಹವನ್ನು ನೋಡಲು ಸಾಮಾನ್ಯವಾಗಿ ಕಾಂಟ್ರಾಸ್ಟ್ ಬೇಕಾಗುವುದಿಲ್ಲ. ಆದರೆ ಮಿದುಳಿನ ಗಡ್ಡೆ, ಮಿದುಳಿನ ಪೊರೆಯ ಸೋಂಕು, ಬೆನ್ನುಮೂಳೆಯ ಕ್ಷಯ, ಕ್ಯಾನ್ಸರ್ ಹರಡಿರುವ ಅನುಮಾನ, ಶಸ್ತ್ರಚಿಕಿತ್ಸೆಯಾದ ಬೆನ್ನಿನಲ್ಲಿ ಮರಳಿದ ನೋವು, ಇಂತಹ ಸಂದರ್ಭಗಳಲ್ಲಿ ಅದು ಕಾಣದುದನ್ನು ಕಾಣಿಸುತ್ತದೆ, ಚಿಕಿತ್ಸೆಯ ದಾರಿಯನ್ನೇ ಬದಲಿಸುತ್ತದೆ. ಅಲ್ಲಿ ಭಯದಿಂದ ಬೇಡವೆನ್ನುವವರು ಸಣ್ಣ ಅಪಾಯದಿಂದ ತಪ್ಪಿಸಿಕೊಳ್ಳಲು ದೊಡ್ಡ ಅಪಾಯದ ಕೈಗೆ ಸಿಕ್ಕಿಬೀಳುತ್ತಾರೆ.

ಗರ್ಭಿಣಿಯರ ವಿಷಯ ಬೇರೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ ಹೆರಿಗೆ ದಾಖಲೆಗಳನ್ನು ಪರಿಶೀಲಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವು, ಗರ್ಭಾವಸ್ಥೆಯಲ್ಲಿ ಗ್ಯಾಡೊಲಿನಿಯಂ ಪಡೆದವರಲ್ಲಿ ಶಿಶುಮರಣ ಹಾಗೂ ಮಗುವಿಗೆ ಮುಂದೆ ಕೆಲವು ಉರಿಯೂತದ ಕಾಯಿಲೆಗಳು ಹೆಚ್ಚಾಗಿ ಕಂಡುದನ್ನು ವರದಿ ಮಾಡಿತು. ತಾಯಿಗೆ ಅನಿವಾರ್ಯವಾದ ಹೊರತು ಗರ್ಭಿಣಿಗೆ ಇದನ್ನು ಕೊಡಬಾರದೆಂಬುದು ಒಪ್ಪಿತ ನಿಯಮ. ಗರ್ಭದ ಅನುಮಾನವಿದ್ದರೂ ಹೇಳಬೇಕು. ಮೊಲೆಯೂಡಿಸುವ ತಾಯಿಯ ಹಾಲಿಗೆ ಸೇರುವ ಪ್ರಮಾಣ ಅತ್ಯಲ್ಪವಾದುದರಿಂದ ಹಾಲೂಡಿಸುವುದನ್ನು ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಕೆಲವರಿಗೆ ಈ ಔಷಧಿಯಿಂದ ಅಲರ್ಜಿಯಾಗುತ್ತದೆ. ಇದು ವಿರಳ. ತೀವ್ರ ಸ್ವರೂಪದ್ದು ಇನ್ನೂ ವಿರಳ. ತುರಿಕೆ, ದದ್ದು, ಉಸಿರು ಕಟ್ಟುವುದು, ತಲೆ ಸುತ್ತುವುದು ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತೋರುತ್ತವೆ. ಚುಚ್ಚುಮದ್ದಿನ ಬಳಿಕ ಅರ್ಧ ಗಂಟೆ ಕೇಂದ್ರದಲ್ಲಿಯೇ ಕುಳಿತಿರಬೇಕು. ಕೊನೆಯ ಬಸ್ಸಿಗೆ ಓಡುವ ಹಳ್ಳಿಯವರು ಈ ಅರ್ಧ ಗಂಟೆಯನ್ನು ಬಿಟ್ಟುಬಿಡುವುದುಂಟು, ಬಿಡಬಾರದು. ಹಿಂದೆ ಇದೇ ಔಷಧಿಯಿಂದ ತೊಂದರೆಯಾಗಿದ್ದರೆ ಅದನ್ನು ಮೊದಲೇ ಹೇಳಬೇಕು. ಹೇಳಲು ಮತ್ತೆ ಹೆಸರು ತಿಳಿದಿರಬೇಕು. ಸಿಟಿ ಸ್ಕ್ಯಾನಿಗೆ ಕೊಡುವ ಅಯೋಡಿನ್ ಔಷಧಿ ಬೇರೆ, ಎಂಆರ್‌ಐಗೆ ಕೊಡುವ ಗ್ಯಾಡೊಲಿನಿಯಂ ಬೇರೆ. ಎರಡಕ್ಕೂ ಜನ ‘ಡೈ’ ಎಂದೇ ಹೇಳುವುದರಿಂದ ಗೊಂದಲವಾಗುತ್ತದೆ.

ಇನ್ನೊಂದು ಮಾತು. ದೇಹದಲ್ಲಿನ ಗ್ಯಾಡೊಲಿನಿಯಂ ತೆಗೆಯುತ್ತೇವೆಂದು ಹೇಳಿ ‘ಕಿಲೇಷನ್’ ಎಂಬ ದುಬಾರಿ ಚಿಕಿತ್ಸೆ ಮಾರುವವರು ಜಗತ್ತಿನ ಹಲವೆಡೆ ಇದ್ದಾರೆ. ಅದರಿಂದ ಪ್ರಯೋಜನವಾಗುತ್ತದೆಂಬುದು ಸಾಬೀತಾಗಿಲ್ಲ, ಅದಕ್ಕೆ ತನ್ನದೇ ಆದ ಅಪಾಯಗಳಿವೆ. ಭಯ ಹುಟ್ಟಿಸಿದ ಕಡೆಯೆಲ್ಲ ಭಯವನ್ನು ಮಾರುವ ಅಂಗಡಿಯೂ ತೆರೆಯುತ್ತದೆ.

ನದಿ ಬರೆದಿಟ್ಟ ದಾಖಲೆ

ರೋಗಿಯ ದೇಹದಿಂದ ಹೊರಬಂದ ಗ್ಯಾಡೊಲಿನಿಯಂ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಗೆ ಉತ್ತರ ದೊರೆತುದು ಆಕಸ್ಮಿಕವಾಗಿ. ವಿರಳ ಭಸ್ಮ ಲೋಹಗಳು ನಿಸರ್ಗದಲ್ಲಿ ಒಂದಕ್ಕೊಂದು ಹೊಂದಿಕೊಂಡ ಪ್ರಮಾಣದಲ್ಲಿರುತ್ತವೆ. ಸಮೇರಿಯಂ, ಗ್ಯಾಡೊಲಿನಿಯಂ, ಟರ್ಬಿಯಂಗಳನ್ನು ಶಿಲೆಯಲ್ಲಿನ ಪ್ರಮಾಣಕ್ಕೆ ಹೋಲಿಸಿ ನಕ್ಷೆ ಬರೆದರೆ ನಯವಾದ ರೇಖೆಯೊಂದು ಮೂಡಬೇಕು. 1996ರಲ್ಲಿ ಮಿಖಾಯೆಲ್ ಬಾವ್ ಮತ್ತು ಪೀಟರ್ ಡುಲ್ಸ್ಕಿ ಎಂಬ ಜರ್ಮನ್ ವಿಜ್ಞಾನಿಗಳು ತಮ್ಮ ದೇಶದ ಜನನಿಬಿಡ ಪ್ರದೇಶಗಳ ನದಿಗಳಲ್ಲಿ ಈ ರೇಖೆಯ ನಡುವೆ ಗ್ಯಾಡೊಲಿನಿಯಂ ಮಾತ್ರ ಶಿಖರದಂತೆ ಎದ್ದು ನಿಂತಿರುವುದನ್ನು ತೋರಿಸಿದರು. ಆಸ್ಪತ್ರೆಗಳಿರುವ ನಗರಗಳ ಕೆಳಗಿನ ನೀರಿನಲ್ಲಿ ಶಿಖರವಿತ್ತು, ಜನ ವಿರಳವಾದ ಕಡೆಯ ನೀರಿನಲ್ಲಿ ಇರಲಿಲ್ಲ. ಎಂಆರ್‌ಐ ಚುಚ್ಚುಮದ್ದು ಮೂತ್ರದ ಮೂಲಕ ಚರಂಡಿಗೆ, ಚರಂಡಿಯಿಂದ ಶುದ್ಧೀಕರಣ ಘಟಕಕ್ಕೆ, ಅಲ್ಲಿಂದ ಬಹುಪಾಲು ಹಾಗೆಯೇ ನದಿಗೆ ಸೇರುತ್ತಿತ್ತು. ದೇಹದೊಳಗೆ ಲೋಹವನ್ನು ಬಿಗಿಯಾಗಿ ಹಿಡಿಯಲು ರೂಪಿಸಿದ ಬಂಧನವೇ ಶುದ್ಧೀಕರಣ ಘಟಕದಲ್ಲಿ ಅದು ಸಿಕ್ಕಿಬೀಳದಂತೆ ಕಾಪಾಡುತ್ತದೆ.

ಮುಂದೆ ಬರ್ಲಿನ್ನಿನ ನಲ್ಲಿ ನೀರಿನಲ್ಲಿಯೂ, 2019ರ ಅಧ್ಯಯನವೊಂದರಲ್ಲಿ ಜರ್ಮನ್ ನಗರಗಳ ತಿನಿಸಿನಂಗಡಿಗಳಲ್ಲಿ ನಲ್ಲಿ ನೀರಿನಿಂದ ತಯಾರಾದ ಕೋಲಾ ಪಾನೀಯದಲ್ಲಿಯೂ ಇದರ ಗುರುತು ಕಂಡಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಎರಡು ದಶಕಗಳಲ್ಲಿ ಇದರ ಪ್ರಮಾಣ ಹಲವು ಪಟ್ಟು ಏರಿತು. ಈ ಪ್ರಮಾಣಗಳು ಅತ್ಯಲ್ಪವಾದವು. ಕುಡಿಯುವ ನೀರಿನಲ್ಲಿ ಕಂಡುದು ಲೀಟರಿಗೆ ನ್ಯಾನೊಗ್ರಾಂ ಲೆಕ್ಕದಲ್ಲಿ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗದ ಎಣಿಕೆಯಲ್ಲಿ. ಅದನ್ನು ಕುಡಿದವರಿಗೆ ಹಾನಿಯಾಗಿದೆಯೆಂದು ಯಾರೂ ತೋರಿಸಿಲ್ಲ. ಆದರೂ ವಿಜ್ಞಾನಿಗಳು ಇದನ್ನು ಗಂಭೀರವಾಗಿ ಪರಿಗಣಿಸುತ್ತಾರೆ. ಗ್ಯಾಡೊಲಿನಿಯಂ ಬಂದ ದಾರಿಯಲ್ಲಿಯೇ ನೋವಿನ ಮಾತ್ರೆ, ಜೀವನಿರೋಧಕ, ಹಾರ್ಮೋನುಗಳ ಶೇಷವೂ ಬರಬಹುದು. ನದಿಯ ನೀರಿಗೆ ಚರಂಡಿ ಎಲ್ಲಿ ಸೇರುತ್ತಿದೆ ಎಂಬುದಕ್ಕೆ ಅದು ಸುಳ್ಳಾಡದ ಸಾಕ್ಷಿ.

ಒಂದು ಸರಳ ಲೆಕ್ಕ ಮಾಡಬಹುದು. ಸಾಮಾನ್ಯ ಪ್ರಮಾಣ ಪ್ರತಿ ಕಿಲೋ ತೂಕಕ್ಕೆ 0.1 ಮಿಲಿಮೋಲ್. 60 ಕಿಲೋ ತೂಗುವವರಿಗೆ 6 ಮಿಲಿಮೋಲ್, ಅಂದರೆ ಹೆಚ್ಚುಕಡಿಮೆ ಒಂದು ಗ್ರಾಂ ಗ್ಯಾಡೊಲಿನಿಯಂ. ಒಂದು ಪಟ್ಟಣದಲ್ಲಿ ದಿನಕ್ಕೆ 20 ಮಂದಿಗೆ ಈ ಚುಚ್ಚುಮದ್ದು ಕೊಟ್ಟರೆ, ವರ್ಷದ 300 ಕೆಲಸದ ದಿನಗಳಲ್ಲಿ ಐದೂವರೆ ಕಿಲೋಗೂ ಮೀರಿದ ಲೋಹ ಆ ಪಟ್ಟಣದ ಮೂಲಕ ಹಾದುಹೋಗುತ್ತದೆ. ಅದರಲ್ಲಿ ಎಲ್ಲವೂ ಪಟ್ಟಣದಲ್ಲಿಯೇ ಉಳಿಯುವುದಿಲ್ಲ. ಬೆಳಗ್ಗೆ ಶಿವಮೊಗ್ಗದಲ್ಲಿ ಚುಚ್ಚಿಸಿಕೊಂಡು ಸಂಜೆಯ ಬಸ್ಸಿನಲ್ಲಿ ತೀರ್ಥಹಳ್ಳಿಯ ಕಡೆಗೆ ಮರಳುವ ರೋಗಿಯ ಜೊತೆಗೆ ಅದರ ಒಂದಂಶ ತುಂಗೆಯ ಮೇಲ್ದಂಡೆಗೂ ಬರುತ್ತದೆ. ಒಬ್ಬ ರೋಗಿಯಿಂದ ಬಾವಿ ಕೆಡುತ್ತದೆಂದು ಹೆದರಬೇಕಿಲ್ಲ. ಆದರೆ ಲೆಕ್ಕವೇ ಇಲ್ಲದೆ ಹರಿಯುವ ಯಾವ ವಸ್ತುವೂ ಒಂದು ದಿನ ಲೆಕ್ಕ ಕೇಳುತ್ತದೆ.

ಈ ಲೋಹ ಬರುವ ಮೂಲವೂ ಬೆಟ್ಟಗಳೇ ಎಂಬುದು ಗುಡ್ಡಗಾಡಿನವರು ತಿಳಿಯಬೇಕಾದ ವಿಷಯ. ದಕ್ಷಿಣ ಚೀನಾದ ಜಿಯಾಂಗ್‌ಶಿ ಪ್ರಾಂತ್ಯದ ಗುಡ್ಡಗಳ ಜೇಡಿಮಣ್ಣಿಗೆ ಅಮೋನಿಯಂ ಸಲ್ಫೇಟ್ ದ್ರಾವಣ ಹಾಯಿಸಿ ಭಾರ ವಿರಳ ಲೋಹಗಳನ್ನು ತೆಗೆಯಲಾಯಿತು. ಗುಡ್ಡಗಳು ಬೋಳಾದವು, ತೊರೆಗಳು ಕೆಟ್ಟವು. ಬಳಿಕ ಇದೇ ಗಣಿಗಾರಿಕೆ ಮ್ಯಾನ್ಮಾರಿನ ಕಾಚಿನ್ ಬೆಟ್ಟಗಳಿಗೆ ಹಬ್ಬಿತು. 2025ರ ಏಪ್ರಿಲ್‌ನಲ್ಲಿ ಚೀನಾ ರಫ್ತು ನಿಯಂತ್ರಣಕ್ಕೆ ಒಳಪಡಿಸಿದ ಏಳು ಲೋಹಗಳಲ್ಲಿ ಗ್ಯಾಡೊಲಿನಿಯಂ ಕೂಡ ಒಂದು. ಒಂದೂರಿನ ಗುಡ್ಡವನ್ನು ಕರಗಿಸಿ ತೆಗೆದುದನ್ನು ಇನ್ನೊಂದೂರಿನ ನದಿಗೆ ಬಿಡುವ ಮುನ್ನ ಅದು ನಿಜಕ್ಕೂ ಬೇಕಿತ್ತೆ ಎಂದು ಕೇಳುವುದು ಧರ್ಮ.

ಆಗಬೇಕಾದುದೇನು?

ಇಷ್ಟೆಲ್ಲ ಹೇಳಿದರೆ ಜನ ಹೆದರಿ ಪರೀಕ್ಷೆಗೇ ಬರುವುದಿಲ್ಲ ಎಂಬ ಆಕ್ಷೇಪ ವೈದ್ಯರ ಕಡೆಯಿಂದ ಬರಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಎಚ್ಚರಿಕೆ ಮುದ್ರಿಸಿದ ದೇಶಗಳಲ್ಲಿ ಎಂಆರ್‌ಐ ನಿಂತುಹೋಗಲಿಲ್ಲ. ನಿಂತುದು ಚರ್ಮ ಕಲ್ಲಾಗುವ ಕಾಯಿಲೆ. ಸತ್ಯವನ್ನು ಸರಿಯಾದ ಅಳತೆಯಲ್ಲಿ ಹೇಳಿದರೆ ಜನ ಅದನ್ನು ತೂಗಿ ನೋಡಬಲ್ಲರು. ಹೇಳದೆ ಮುಚ್ಚಿಟ್ಟುದು ಹೊರಬಂದಾಗಲೇ ಭೀತಿ ಹುಟ್ಟುವುದು.

ಹೀಗಾಗಿ ಕೆಲವು ಬೇಡಿಕೆಗಳನ್ನು ಮುಂದಿಡುವುದು ನ್ಯಾಯೋಚಿತ. ಮೊದಲನೆಯದಾಗಿ, ಪ್ರತಿ ಎಂಆರ್‌ಐ ವರದಿಯಲ್ಲಿ ಕೊಟ್ಟ ಔಷಧಿಯ ಪೂರ್ಣ ಹೆಸರು, ಪ್ರಮಾಣ ಮತ್ತು ದಿನಾಂಕ ಇರಬೇಕು. ಇದಕ್ಕೆ ಒಂದು ಸಾಲು ಸಾಕು, ಖರ್ಚಿಲ್ಲ. ಎರಡನೆಯದಾಗಿ, ಚುಚ್ಚುವ ಮೊದಲು ಮೂತ್ರಪಿಂಡದ ವಿಚಾರಣೆ ಹಾಗೂ ಅಗತ್ಯವಿದ್ದಾಗ ಕ್ರಿಯಾಟಿನಿನ್ ಪರೀಕ್ಷೆ ಕಡ್ಡಾಯವಾಗಬೇಕು. ಮೂರನೆಯದಾಗಿ, ಸಮ್ಮತಿ ಪತ್ರ ಹಾಗೂ ಮಾಹಿತಿ ಪತ್ರ ಕನ್ನಡದಲ್ಲಿರಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು. ನಾಲ್ಕನೆಯದಾಗಿ, ಸರ್ಕಾರಿ ಆಸ್ಪತ್ರೆಗಳ ಖರೀದಿಯಲ್ಲಿ ರಕ್ತನಾಳಕ್ಕೆ ಕೊಡುವ ಸಾಮಾನ್ಯ ಬಳಕೆಗೆ ಮ್ಯಾಕ್ರೋಸೈಕ್ಲಿಕ್ ಬಗೆಗೆ ಆದ್ಯತೆ ದೊರೆಯಬೇಕು. ಕಡಿಮೆ ದರದ ಟೆಂಡರು ರೋಗಿಯ ಮೂಳೆಯಲ್ಲಿ ಶೇಷ ಬಿಡುವಂತಾಗಬಾರದು. ಐದನೆಯದಾಗಿ, ಚುಚ್ಚುಮದ್ದಿನ ಬಳಿಕದ ಮೊದಲ ಕೆಲವು ಗಂಟೆಗಳ ಮೂತ್ರವನ್ನು ಆಸ್ಪತ್ರೆಯಲ್ಲಿಯೇ ಪ್ರತ್ಯೇಕವಾಗಿ ಸಂಗ್ರಹಿಸುವ ಸಾಧ್ಯತೆಯನ್ನು ಪರಿಶೀಲಿಸಬೇಕು. ಎಕ್ಸ್‌ರೇ ಕಾಂಟ್ರಾಸ್ಟ್‌ಗಾಗಿ ರೋಗಿಗಳಿಗೆ ಮೂತ್ರದ ಚೀಲ ಕೊಡುವ ಪ್ರಯೋಗಗಳು ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ನಡೆದಿವೆ.

ಇವು ಹೊಸ ಹಕ್ಕುಗಳಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಮಾಹಿತಿಯ ಹಕ್ಕು, ದಾಖಲೆ ಪಡೆಯುವ ಹಕ್ಕು, ತಿಳಿದು ಸಮ್ಮತಿಸುವ ಹಕ್ಕುಗಳು ಸೇರಿವೆ. ಔಷಧಿಯಿಂದ ತೊಂದರೆಯಾದರೆ ರೋಗಿಯೇ ನೇರವಾಗಿ ಭಾರತದ ಔಷಧ ಜಾಗ್ರತಾ ಕಾರ್ಯಕ್ರಮದ 1800-180-3024 ಸಂಖ್ಯೆಗೆ ತಿಳಿಸಬಹುದು. 2010ರಲ್ಲಿ ಆರಂಭವಾದ ಈ ವ್ಯವಸ್ಥೆಗೆ ಹಳ್ಳಿಗಳಿಂದ ದೂರು ಹೋಗದಿದ್ದರೆ ಹಳ್ಳಿಗಳಲ್ಲಿ ತೊಂದರೆಯೇ ಇಲ್ಲವೆಂದು ಕಡತ ಹೇಳುತ್ತದೆ.

ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಪಟ್ಟಣದ ಮೇಲಿನ ಹಾಗೂ ಕೆಳಗಿನ ನೀರಿನ ಮಾದರಿಗಳನ್ನು ಕ್ರಮಬದ್ಧವಾಗಿ ಸಂಗ್ರಹಿಸಿ, ಐಸಿಪಿ-ಎಂಎಸ್ ಎಂಬ ಸೂಕ್ಷ್ಮ ಉಪಕರಣವಿರುವ ಸಂಶೋಧನಾ ಸಂಸ್ಥೆಯ ಅಧ್ಯಾಪಕರ ನೆರವಿನಿಂದ ಪರೀಕ್ಷಿಸಿದರೆ, ತುಂಗೆ, ಭದ್ರೆ, ನೇತ್ರಾವತಿ, ಕಾವೇರಿಗಳ ರೇಖೆಯಲ್ಲಿ ಶಿಖರವಿದೆಯೆ ಎಂಬುದು ತಿಳಿಯುತ್ತದೆ. ಗ್ರಾಮಸಭೆಗಳಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ ಆಶಾ ಕಾರ್ಯಕರ್ತೆಯರು ನಾಲ್ಕು ಪ್ರಶ್ನೆಗಳನ್ನು ಹೇಳಿಕೊಡಬಹುದು: ಈ ಇಂಜೆಕ್ಷನ್ ನನ್ನ ಕಾಯಿಲೆಗೆ ಏಕೆ ಬೇಕು? ನನ್ನ ಕ್ರಿಯಾಟಿನಿನ್ ಎಷ್ಟಿದೆ? ಔಷಧಿಯ ಹೆಸರೇನು, ಯಾವ ಬಗೆಯದು? ವರದಿಯಲ್ಲಿ ಅದನ್ನು ಬರೆದುಕೊಡುತ್ತೀರಾ? ಯಾವ ಒಳ್ಳೆಯ ವೈದ್ಯರೂ ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಬೇಸರಿಸುವ ಕಡೆ ಈ ಪ್ರಶ್ನೆಗಳನ್ನು ಎರಡು ಬಾರಿ ಕೇಳಬೇಕು.